ಅಟ್ಟದಿಂದ ಇಳಿಸಿದ ಐಮ್ಯಾಕ್ ಝರ್ ಎನ್ನುತ್ತಿದೆ, ಸ್ಪೀಕರ್ ಬದಲಿಸಬೇಕೇ?

ಪ್ರಶ್ನೆ: ನಮ್ಮ ಭಾವ ಅಮೆರಿಕದಲ್ಲಿದ್ದಾಗ ಕೊಂಡಿದ್ದ, ಆ್ಯಪಲ್ ಕಂಪನಿಯ ನೀಲಿ ಬಣ್ಣದ ಐಮ್ಯಾಕ್ ಕಂಪ್ಯೂಟರನ್ನು 2002ರಲ್ಲಿ ಊರಿಗೆ ಬರುವಾಗ ಜೊತೆಗೇ ತಂದಿದ್ದರು. ಸಿಡಿಯನ್ನು ಸೀಳಿನೊಳಗೆ ತಳ್ಳುವ ಮಾದರಿ. ಹದಿನೈದು ವರ್ಷ ಅಟ್ಟದ ಮೇಲಿತ್ತು. ಕಳೆದ ತಿಂಗಳು ಇಳಿಸಿ, ಒರೆಸಿ, ಪ್ಲಗ್ ಹಾಕಿದೆ. ಆನ್ ಆಯಿತು! ಆದರೆ ಶುರುವಿನ ಸದ್ದೇ ಒಡೆದ ತಮಟೆಯ ಹಾಗೆ ಬಂತು. ಹಾಡು ಹಾಕಿದರೆ ಬರೀ ಝರ್ ಝರ್. ಸ್ಪೀಕರಿನ ಸುತ್ತ ಕಪ್ಪಗಿನ ಜಿಗುಟು ಪುಡಿ ಕಾಣುತ್ತಿದೆ. ರಿಪೇರಿ ಅಂಗಡಿಯವರು 'ಮ್ಯಾಗ್ನೆಟ್ ವೀಕ್ ಆಗಿದೆ, ಬೇರೆ ಸ್ಪೀಕರ್ ಹಾಕೋಣ' ಅಂದರು. ಮಗ 'ಒಳಗೊಂದು ಬ್ಲೂಟೂತ್ ಸ್ಪೀಕರ್ ಕೂರಿಸಿಬಿಡೋಣ' ಅನ್ನುತ್ತಾನೆ. ಈ ನಡುವೆ ಗೆಳೆಯರೊಬ್ಬರು ಆ್ಯಪಲ್‌ನದೇ ಹಳೆಯ ಮ್ಯಾಕಿಂಟಾಶ್ ಕ್ಲಾಸಿಕ್ ಕಂಪ್ಯೂಟರ್ ಒಂದನ್ನೂ, ಶಾಲೆಯಿಂದ ಬಂದ ಬಿಬಿಸಿ ಮೈಕ್ರೊ ಕಂಪ್ಯೂಟರ್ ಒಂದನ್ನೂ ಕೊಡುತ್ತೇನೆ ಅಂದಿದ್ದಾರೆ. ಸಂಗ್ರಹ ಶುರುಮಾಡುವ ಆಸೆ ನನಗಿದೆ. ಇವನ್ನೆಲ್ಲ ಮನೆಯಲ್ಲಿ ಇಟ್ಟುಕೊಂಡರೆ ಅಪಾಯ ಇಲ್ಲವೇ? ಸ್ಪೀಕರ್ ಮೂಲದ್ದೇ ಇರಬೇಕೇ?
(ಉಡುಪಿ ಜಿಲ್ಲೆಯ ಓದುಗರು)

ಉತ್ತರ: ನಿಮ್ಮ ಪತ್ರ ಓದಿದಾಗ ಆ ಕಪ್ಪು ಜಿಗುಟು ಪುಡಿಯ ಮಾತು ಬಂತಲ್ಲ, ಅಲ್ಲೇ ಅರ್ಧ ಉತ್ತರ ಸಿಕ್ಕಿತು. ನಿಮ್ಮ ಸ್ಪೀಕರ್ ಸತ್ತಿಲ್ಲ. ಅದರ ಅಂಚಿನ ಫೋಮ್ ಮಾತ್ರ ಕರಗಿದೆ. ಎರಡಕ್ಕೂ ಬಹಳ ವ್ಯತ್ಯಾಸ ಇದೆ. ಅಂಗಡಿಯಲ್ಲಿ ಬಿಚ್ಚಿ ಎಸೆಯುವ ಮೊದಲು ಈ ಉತ್ತರ ನಿಮ್ಮ ಕೈಗೆ ಸಿಗಲಿ ಎಂದು ಬೇಗ ಬರೆಯುತ್ತಿದ್ದೇನೆ.

ಮ್ಯಾಗ್ನೆಟ್ ವೀಕ್ ಆಗಿದೆ ಎಂಬ ಮಾತನ್ನು ನಾನು ಈ ಕೆಲಸಕ್ಕೆ ಕೂತಾಗಿನಿಂದ ಕೇಳುತ್ತಲೇ ಇದ್ದೇನೆ. ಸ್ಪೀಕರಿನ ಹಿಂದಿರುವ ಫೆರೈಟ್ ಮ್ಯಾಗ್ನೆಟ್ ಇಪ್ಪತ್ತೈದು ವರ್ಷದಲ್ಲಿ ಕಿವಿಗೆ ಗೊತ್ತಾಗುವಷ್ಟು ಶಕ್ತಿ ಕಳೆದುಕೊಳ್ಳುವುದಿಲ್ಲ. ಕಳೆದುಕೊಂಡರೂ ಸದ್ದು ಸಣ್ಣದಾಗುತ್ತದೆಯೇ ಹೊರತು ಝರ್ ಎನ್ನುವುದಿಲ್ಲ. ಝರ್ ಎನ್ನುವುದು ಏನೋ ಹರಿದಾಗ, ಇಲ್ಲವೇ ಏನೋ ಉಜ್ಜುತ್ತಿರುವಾಗ.

ಏನು ಹರಿದಿದೆ ಅಂತ ಹೇಳುತ್ತೇನೆ. ಸ್ಪೀಕರಿನ ಕೋನ್, ಅಂದರೆ ಅಲುಗಾಡಿ ಸದ್ದು ಹೊರಡಿಸುವ ಆಲಿಕೆಯಂಥ ಭಾಗ, ತನ್ನ ಲೋಹದ ಚೌಕಟ್ಟಿಗೆ ನೇರವಾಗಿ ಅಂಟಿರುವುದಿಲ್ಲ. ನಡುವೆ ಬಳೆಯಂತೆ ಒಂದು ಮೆತ್ತನೆಯ ಅಂಚು ಇರುತ್ತದೆ. ಕೋನ್ ಮುಂದಕ್ಕೆ ಹಿಂದಕ್ಕೆ ಆಡಲು ಬಿಡುವುದು ಅದರ ಒಂದು ಕೆಲಸ. ಕೋನಿನ ಹಿಂದಿರುವ ತಂತಿಸುರುಳಿಯನ್ನು ಮ್ಯಾಗ್ನೆಟ್ಟಿನ ಸಣ್ಣ ಸಂದಿಯ ಸರಿ ಮಧ್ಯದಲ್ಲಿ ನಿಲ್ಲಿಸುವುದು ಇನ್ನೊಂದು ಕೆಲಸ. ಆ ಸಂದಿಯಲ್ಲಿ ಒಂದು ಮಿಲಿಮೀಟರ್‌ಗಿಂತ ಕಡಿಮೆ ಜಾಗ. ಅಂಚು ಹರಿದರೆ ಕೋನ್ ಒಂದು ಕಡೆ ವಾಲುತ್ತದೆ, ಸುರುಳಿ ಲೋಹಕ್ಕೆ ಉಜ್ಜುತ್ತದೆ. ನೀವು ಕೇಳಿದ ಝರ್ ಝರ್ ಅದೇ.

ಆ ಅಂಚನ್ನು ಪಾಲಿಯುರೆಥೇನ್ ಫೋಮ್‌ನಲ್ಲಿ ಮಾಡುತ್ತಿದ್ದರು. ಹಗುರ, ಅಗ್ಗ, ಸದ್ದೂ ಚೆನ್ನಾಗಿ ಬರುತ್ತದೆ. ಅದಕ್ಕೆ ಶತ್ರು ಗಾಳಿಯಲ್ಲಿರುವ ತೇವ. ನೀರಿನಾವಿ ಫೋಮ್‌ನ ಉದ್ದುದ್ದ ಅಣುಸರಪಳಿಗಳನ್ನು ನಿಧಾನಕ್ಕೆ ತುಂಡರಿಸುತ್ತದೆ. ಸೆಕೆ ಜಾಸ್ತಿಯಾದಷ್ಟೂ ಈ ಕೆಲಸ ಬೇಗ ಆಗುತ್ತದೆ. ಕರಾವಳಿಯ ಮಳೆಗಾಲ, ಬೇಸಿಗೆಯಲ್ಲಿ ಹೆಂಚಿನ ಕೆಳಗಿನ ಅಟ್ಟದ ಕಾವು, ಎರಡೂ ಸೇರಿದ ಮೇಲೆ ಫೋಮ್ ಉಳಿಯುವುದಾದರೂ ಹೇಗೆ? ಬಳಸದೆ ಇಟ್ಟಿದ್ದಕ್ಕೆ ಹಾಳಾಯಿತು ಅಂತ ಬೇಜಾರು ಮಾಡಿಕೊಳ್ಳಬೇಡಿ. ದಿನಾ ಬಳಸಿದ್ದರೂ ಇಷ್ಟು ಹೊತ್ತಿಗೆ ಹೀಗೇ ಆಗುತ್ತಿತ್ತು. ಸೀಳಿನಲ್ಲಿ ಸಿಡಿ ತಳ್ಳುವ ಈ ಐಮ್ಯಾಕ್‌ಗಳು ಬಂದದ್ದು 1999ರ ಅಕ್ಟೋಬರ್‌ನಲ್ಲಿ. ಅವುಗಳ ಸ್ಪೀಕರ್ ವಿನ್ಯಾಸ ಹರ್ಮನ್ ಕಾರ್ಡನ್ ಕಂಪನಿಯದು. ಆ ಕಾಲಕ್ಕೆ ಡೆಸ್ಕ್‌ಟಾಪ್ ಕಂಪ್ಯೂಟರ್ ಒಂದರ ಒಳಗಿಂದ ಅಷ್ಟು ತುಂಬಿದ ಸದ್ದು ಬರುವುದೇ ಅಪರೂಪವಾಗಿತ್ತು. ನನ್ನ ಬಳಿಗೆ ಬಂದ ಅಂಥ ಯಂತ್ರಗಳಲ್ಲಿ ಫೋಮ್ ಗಟ್ಟಿಯಾಗಿ ಉಳಿದದ್ದನ್ನು ನಾನು ಕಂಡೇ ಇಲ್ಲ ಅನ್ನಬಹುದು. ಪಾರದರ್ಶಕ ಪ್ಲಾಸ್ಟಿಕ್ಕಿನ ಹಿಂದೆ ಅದು ಹಳೆಯ ಬೆಲ್ಲದ ಹಾಗೆ ಇಳಿದು ಅಂಟಿರುತ್ತದೆ. ಬೆರಳು ತಾಗಿಸಿದರೆ ಸೋಪು ಹಾಕಿ ಎರಡು ಸಲ ತೊಳೆಯಬೇಕು.

ಇಷ್ಟೆಲ್ಲ ಹೇಳಿದರೂ, ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ. ನಿಮ್ಮ ಯಂತ್ರದ ಮುಂಭಾಗದಲ್ಲಿ ಕೆಳಗಡೆ ಎರಡು ಹೆಡ್‌ಫೋನ್ ತೂತುಗಳಿವೆ. ಹಳೆಯ ಹೆಡ್‌ಫೋನ್ ಒಂದನ್ನು ಹಾಕಿ. ಮೊದಲೇ ಕಿವಿಗೆ ಏರಿಸಬೇಡಿ, ದೂರದಲ್ಲಿ ಹಿಡಿದು ಕೇಳಿ. ಸದ್ದು ಶುದ್ಧವಾಗಿ ಬಂದರೆ ಒಳಗಿನ ಬೋರ್ಡ್, ಆಂಪ್ಲಿಫೈಯರ್‌ವರೆಗಿನ ದಾರಿ ಎಲ್ಲ ಸರಿಯಿದೆ, ತೊಂದರೆ ಸ್ಪೀಕರ್ ಕಡೆಯೇ. ಅಲ್ಲೂ ಒಡಕು ಸದ್ದೇ ಬಂದರೆ ಸ್ಪೀಕರಿಗೆ ಕೈಹಾಕಿ ಪ್ರಯೋಜನವಿಲ್ಲ, ಬೋರ್ಡ್ ನೋಡಬೇಕು. ಇನ್ನೊಂದು ಸಂಗತಿ ಹಲವರಿಗೆ ಗೊತ್ತಿಲ್ಲ. ಹೆಡ್‌ಫೋನ್ ಹಾಕಿದ್ದಾರೆ ಅಂತ ಯಂತ್ರಕ್ಕೆ ತಿಳಿಸುವುದು ಆ ತೂತಿನೊಳಗಿನ ಒಂದು ಸಣ್ಣ ತಗಡು. ಅದಕ್ಕೆ ಕಿಲುಬು ಹಿಡಿದರೆ ಹೆಡ್‌ಫೋನ್ ತೆಗೆದ ಮೇಲೂ ಸ್ಪೀಕರ್ ಮೂಕವಾಗಿಯೇ ಇರುತ್ತದೆ. ಸ್ಪೀಕರ್ ಸುಟ್ಟಿದೆ ಅಂತ ಹೇಳಿ ಕಳಿಸಿದ ಯಂತ್ರಗಳಲ್ಲಿ ಕೆಲವು, ಪಿನ್ನನ್ನು ಹತ್ತು ಸಲ ಹಾಕಿ ತೆಗೆದಿದ್ದಕ್ಕೇ ಹಾಡಿವೆ.

ಹೆಡ್‌ಫೋನಿನಲ್ಲಿ ಸದ್ದು ಸರಿ ಬಂದರೆ, ಆ ಪಿನ್ನನ್ನು ಹಾಗೇ ಬಿಟ್ಟುಬಿಡಿ. ಪಿನ್ ಇರುವವರೆಗೂ ಒಳಗಿನ ಸ್ಪೀಕರ್ ಸುಮ್ಮನಿರುತ್ತದೆ. ಹರಿದ ಸ್ಪೀಕರಿನಲ್ಲಿ ಹಾಡು ಕೇಳುತ್ತಾ ಹೋದರೆ ಉಜ್ಜಿ ಉಜ್ಜಿ ತಂತಿಸುರುಳಿಯ ಮೇಲಿನ ಲೇಪ ಹೋಗುತ್ತದೆ. ಆಗ ನಿಜವಾಗಿಯೂ ಸ್ಪೀಕರ್ ಸಾಯುತ್ತದೆ.

ಇನ್ನು ನಿಮ್ಮ ಮುಂದಿರುವ ದಾರಿಗಳು. ನನ್ನ ಮೊದಲ ಆಯ್ಕೆ ಫೋಮ್ ಅಂಚನ್ನು ಮಾತ್ರ ಹೊಸದಾಗಿ ಕೂರಿಸುವುದು. ಬೇರೆ ಬೇರೆ ಅಳತೆಯ ಅಂಚುಬಳೆಗಳು ಬಿಡಿಯಾಗಿ ಸಿಗುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸ್ಪೀಕರ್ ರಿಪೇರಿ ಮಾಡುವವರನ್ನು ವಿಚಾರಿಸಿ, ಇಲ್ಲವೇ ಆನ್‌ಲೈನ್‌ನಲ್ಲಿ ತರಿಸಿ. ಮೂರು ಅಳತೆ ಬರೆದುಕೊಂಡು ಹೋಗಿ: ಕೋನಿನ ಅಗಲ, ಚೌಕಟ್ಟಿನಲ್ಲಿ ಅಂಚು ಕೂರುವ ಜಾಗದ ಒಳಗಿನ ಅಗಲ, ಹೊರಗಿನ ಅಗಲ. ಸಿಕ್ಕರೆ ಫೋಮ್ ಬದಲು ರಬ್ಬರ್ ಅಂಚು ಆಗಬಹುದಾ ಎಂದು ಕೆಲವರು ಕೇಳುತ್ತಾರೆ. ರಬ್ಬರ್ ನಮ್ಮ ಹವೆಯಲ್ಲಿ ಬಹಳ ಕಾಲ ಬಾಳುತ್ತದೆ, ಆದರೆ ಇಷ್ಟು ಪುಟ್ಟ ಹಗುರ ಕೋನಿಗೆ ಅದು ಭಾರ. ಸದ್ದು ಮಂಕಾಗುತ್ತದೆ. ತೀರಾ ತೆಳುವಾದ ರಬ್ಬರ್ ಸಿಕ್ಕರೆ ಮಾತ್ರ ಹಾಕಿ.

ಹಳೆಯ ಫೋಮ್ ತೆಗೆಯುವಾಗ ಅವಸರ ಬೇಡ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಹತ್ತಿಯ ಕಡ್ಡಿ ಅದ್ದಿ, ಹಿಂಡಿ, ಸ್ವಲ್ಪಸ್ವಲ್ಪವೇ ಒರೆಸಿ. ದ್ರವ ಕೋನಿನ ಮಧ್ಯಕ್ಕೆ ಹರಿಯಬಾರದು. ಸುತ್ತಲಿನ ಪಾರದರ್ಶಕ ಪ್ಲಾಸ್ಟಿಕ್ಕಿಗೂ ತಾಗುವುದು ಬೇಡ, ಸ್ಪೀಕರನ್ನು ಹೊರಗೆ ತೆಗೆದೇ ಈ ಕೆಲಸ ಮಾಡಿ. ಅಂಟಿಗೆ ಒಣಗಿದ ಮೇಲೂ ಬಾಗುವ, ನೀರಿನಲ್ಲಿ ಕಲಸಿದ ಬಿಳಿ ಬಣ್ಣದ ಸ್ಪೀಕರ್ ಅಂಟು ಬಳಸಿ. ಫೆವಿಕ್ವಿಕ್ ಥರದ ತಕ್ಷಣ ಹಿಡಿಯುವ ಅಂಟು ಖಂಡಿತ ಬೇಡ. ಅದು ಗಾಜಿನ ಹಾಗೆ ಗಟ್ಟಿಯಾಗುತ್ತದೆ, ಜೊತೆಗೆ ಅಂಟು ಹಿಡಿಯುವ ಮೊದಲು ಬಳೆಯನ್ನು ಅತ್ತಿತ್ತ ಸರಿಸಲು ಸಮಯವನ್ನೇ ಕೊಡುವುದಿಲ್ಲ. ಆ ಸರಿಸುವುದರಲ್ಲೇ ಈ ಕೆಲಸದ ಜೀವ ಇರುವುದು.

ಮೊದಲು ಬಳೆಯನ್ನು ಕೋನಿಗೆ ಮಾತ್ರ ಅಂಟಿಸಿ ಒಣಗಲು ಬಿಡಿ. ಆಮೇಲೆ ಚೌಕಟ್ಟಿಗೆ ಅಂಟು ಹಚ್ಚಿ. ಎರಡು ಕೈಯ ಬೆರಳ ತುದಿಗಳನ್ನು ಕೋನಿನ ಎದುರುಬದುರು ಇಟ್ಟು, ಹೂವು ಒತ್ತಿದಷ್ಟು ಮೆತ್ತಗೆ ಕೆಳಕ್ಕೆ ಒತ್ತಿ ಬಿಡಿ. ಕಿವಿ ಹತ್ತಿರ ಇಟ್ಟುಕೊಳ್ಳಿ. ಮರಳು ಉಜ್ಜಿದ ಸದ್ದು ಬಂದರೆ ಬಳೆಯನ್ನು ಕೂದಲೆಳೆಯಷ್ಟು ಸರಿಸಿ ಮತ್ತೆ ಒತ್ತಿ. ಸದ್ದೇ ಇಲ್ಲದೆ ಕೋನ್ ಮೇಲೆ ಕೆಳಗೆ ಆಡಿದಾಗ ಕೈ ತೆಗೆಯಿರಿ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಇದೇ ಪರೀಕ್ಷೆ, ಅಂಟು ಹಿಡಿಯುವವರೆಗೆ. ಪೂರ್ತಿ ಒಣಗಲು ಒಂದು ದಿನ ಕೊಡಿ. ಮಳೆಗಾಲದಲ್ಲಾದರೆ ಎರಡು ದಿನ.

ಎರಡನೆಯ ದಾರಿ ಅಂಗಡಿಯವರು ಹೇಳಿದ್ದು, ಬೇರೆ ಸ್ಪೀಕರ್ ಹಾಕುವುದು. ಇದರಲ್ಲಿ ಒಂದು ದೊಡ್ಡ ಹೊಂಡ ಇದೆ, ನಾನೇ ಅದರಲ್ಲಿ ಬಿದ್ದವನು. ಬಹಳ ಹಿಂದೆ ಇಂಥದ್ದೇ ಒಂದು ಯಂತ್ರಕ್ಕೆ ಅದೇ ಅಳತೆಯ ಸಾಧಾರಣ ಸ್ಪೀಕರ್ ಎರಡು ಹಾಕಿದೆ. ಸದ್ದು ಚೆನ್ನಾಗಿ ಬಂತು. ಆದರೆ ಪರದೆಯ ಕೆಳಗಿನ ಎರಡೂ ಮೂಲೆಗಳಲ್ಲಿ ಒಂದು ಕಡೆ ನೇರಳೆ, ಇನ್ನೊಂದು ಕಡೆ ಹಸಿರು ಕಲೆ ಮೂಡಿತು. ಯಂತ್ರ ಕೊಟ್ಟವರ ಮುಖ ನೋಡಲು ಆಗಲಿಲ್ಲ. ಆಗಿದ್ದಿಷ್ಟೇ: ಬಣ್ಣದ ಪಿಕ್ಚರ್ ಟ್ಯೂಬಿನಲ್ಲಿ ಎಲೆಕ್ಟ್ರಾನ್ ಕಿರಣಗಳು ಕೆಂಪು, ಹಸಿರು, ನೀಲಿ ಚುಕ್ಕೆಗಳಿಗೆ ಕರಾರುವಾಕ್ಕಾಗಿ ಬೀಳಬೇಕು. ಪಕ್ಕದಲ್ಲಿ ತೆರೆದ ಮ್ಯಾಗ್ನೆಟ್ ಇದ್ದರೆ ಕಿರಣ ಬಾಗಿ ಪಕ್ಕದ ಚುಕ್ಕೆಗೆ ಬೀಳುತ್ತದೆ. ಟ್ಯೂಬಿನ ಪಕ್ಕದಲ್ಲೇ ಕೂರುವ ಸ್ಪೀಕರುಗಳ ಹಿಂಭಾಗಕ್ಕೆ ಅದಕ್ಕೇ ಇನ್ನೊಂದು ವಿರುದ್ಧ ಮ್ಯಾಗ್ನೆಟ್ಟನ್ನೋ ಉಕ್ಕಿನ ಬಟ್ಟಲನ್ನೋ ಹಾಕಿ ಕಾಂತಶಕ್ತಿ ಹೊರಗೆ ಸೋರದಂತೆ ಮಾಡಿರುತ್ತಾರೆ. ಹಾಗಾಗಿ ಬದಲಿಸಲೇಬೇಕಾಗಿ ಬಂದರೆ ಶೀಲ್ಡ್ ಆದ ಸ್ಪೀಕರ್ ಅಂತಲೇ ಕೇಳಿ. ಹಳೆಯ ಟ್ಯೂಬ್ ಟಿವಿಗಳಿಂದ ತೆಗೆದವು ಕೆಲವೊಮ್ಮೆ ಹೊಂದುತ್ತವೆ. ಹಿಂಭಾಗಕ್ಕೆ ಒಂದು ಗುಂಡುಪಿನ್ ಹಿಡಿದು ನೋಡಿ. ಜೋರಾಗಿ ಎಳೆದುಕೊಂಡರೆ ಅದು ಬೇಡ. ಓಮ್ ಅಳತೆಯೂ (ಸ್ಪೀಕರ್ ವಿದ್ಯುತ್ತಿಗೆ ಒಡ್ಡುವ ತಡೆ) ಹಳೆಯದಕ್ಕೆ ಸರಿಹೊಂದಬೇಕು. ಮೂಲ ಸ್ಪೀಕರುಗಳನ್ನು ಮಾತ್ರ ಎಸೆಯಬೇಡಿ. ಒಂದು ಡಬ್ಬಿಯಲ್ಲಿ ಹಾಕಿ ಹೆಸರು ಬರೆದಿಡಿ. ಮೂಲದ್ದೇ ಇರಬೇಕೇ ಅಂತ ಕೇಳಿದ್ದಿರಿ. ಇರಲೇಬೇಕು ಅನ್ನುವ ಕಾನೂನೇನೂ ಇಲ್ಲ. ಆದರೆ ಆ ಪೆಟ್ಟಿಗೆಗೆ ಅಂತಲೇ ಮಾಡಿದ ಸ್ಪೀಕರ್ ಅದು, ಅಂಚು ಹಾಕಿದ ಮೇಲೆ ಅದರಷ್ಟು ಚೆನ್ನಾಗಿ ಬೇರೊಂದು ಹಾಡುವುದನ್ನು ನಾನು ಕೇಳಿಲ್ಲ.

ನಿಮ್ಮ ಮಗನ ಉತ್ಸಾಹ ನನಗೆ ಇಷ್ಟವಾಯಿತು, ಆದರೆ ಬ್ಲೂಟೂತ್ ಸ್ಪೀಕರ್ ಒಳಗೆ ಬೇಡ. ಸೀಳಿನ ಸಿಡಿ ಇರುವ ಐಮ್ಯಾಕ್‌ಗೆ ಫ್ಯಾನ್ ಇಲ್ಲ. ಬಿಸಿಗಾಳಿ ತಾನಾಗಿ ಮೇಲೇರಿ ತಲೆಯ ಮೇಲಿನ ತೂತುಗಳಿಂದ ಹೊರಗೆ ಹೋಗಬೇಕು. ಒಳಗೆ ಸಾಕಷ್ಟು ಕಾವಿರುತ್ತದೆ. ಅಂಥ ಜಾಗದಲ್ಲಿ ಲಿಥಿಯಂ ಬ್ಯಾಟರಿ ಇರುವ ಪೆಟ್ಟಿಗೆ ಇಡುವುದು ಬೆಂಕಿಗೆ ಜಾಗ ಮಾಡಿಕೊಟ್ಟ ಹಾಗೆ. ಅದರ ಮ್ಯಾಗ್ನೆಟ್‌ನಿಂದ ಪರದೆಗೆ ಕಲೆ ಬೀಳುವ ಭಯವೂ ಇದೆ. ಅವನಿಗೆ ಬೇಕಿದ್ದರೆ ಹೆಡ್‌ಫೋನ್ ತೂತಿನಿಂದ ಹೊರಗಿನ ಸ್ಪೀಕರಿಗೆ ತಂತಿ ಎಳೆಯಲಿ. ಏನೂ ಬಿಚ್ಚದೆ ಇರುವ ಮೂರನೆಯ ದಾರಿ ಅದೇ. ಅದರಲ್ಲಿ ತಪ್ಪೇನಿಲ್ಲ. ಆ ಸ್ಪೀಕರ್ ಪರದೆಯಿಂದ ಒಂದೆರಡು ಅಡಿ ದೂರ ಇದ್ದರೆ ಸಾಕು. ಅಂದಹಾಗೆ, ಯಂತ್ರ ಆನ್ ಇರುವಾಗ ತಲೆಯ ಮೇಲೆ ಕ್ರೋಶಾ ಬಟ್ಟೆ ಹಾಸಬೇಡಿ. ನಮ್ಮ ಮನೆಗಳಲ್ಲಿ ಟಿವಿಗೆ ಹಾಸುವ ರೂಢಿಯಲ್ಲಿ ಇದಕ್ಕೂ ಹಾಸಿದ್ದನ್ನು ನೋಡಿದ್ದೇನೆ.

ಈಗ ಅಪಾಯದ ಮಾತು. ಇದನ್ನು ಎರಡು ಸಲ ಓದಿ. ಐಮ್ಯಾಕ್‌ನ ಸ್ಪೀಕರ್ ಕೈಗೆ ಸಿಗಬೇಕಾದರೆ ಹೊರಮೈ ಕಳಚಬೇಕು, ಪಿಕ್ಚರ್ ಟ್ಯೂಬಿನ ಹತ್ತಿರ ಕೈ ಹೋಗುತ್ತದೆ. ಬಣ್ಣದ ಟ್ಯೂಬಿಗೆ ಇಪ್ಪತ್ತು ಸಾವಿರ ವೋಲ್ಟಿಗಿಂತ ಹೆಚ್ಚು ಬೇಕು. ಪ್ಲಗ್ ತೆಗೆದ ಮೇಲೂ ಟ್ಯೂಬಿನಲ್ಲಿ ಆ ವಿದ್ಯುತ್ ಉಳಿದಿರಬಹುದು. ಪವರ್ ಸಪ್ಲೈನಲ್ಲಿ ವಿದ್ಯುತ್ ಹಿಡಿದಿಡುವ ದೊಡ್ಡ ಕೆಪಾಸಿಟರ್‌ನಲ್ಲೂ ಉಳಿದಿರಬಹುದು. ಟ್ಯೂಬಿನ ಹಿಂದಿನ ಕುತ್ತಿಗೆ ತೆಳುವಾದ ಗಾಜು, ಸ್ಕ್ರೂಡ್ರೈವರ್ ತಾಗಿ ಒಡೆದರೆ ಟ್ಯೂಬ್ ಹೋದ ಹಾಗೆಯೇ. ವಿಡಿಯೊ ನೋಡಿ ಮನೆಯಲ್ಲಿ ಒಬ್ಬರೇ ಬಿಚ್ಚಬೇಡಿ. ಇದಕ್ಕೆ ಸರಿಯಾದ ಮನುಷ್ಯ ಕಂಪ್ಯೂಟರ್ ಅಂಗಡಿಯವನಲ್ಲ, ಹಳೆಯ ಟಿವಿ ಮೆಕ್ಯಾನಿಕ್. ಟ್ಯೂಬ್ ಟಿವಿಯ ಕಾಲದಲ್ಲಿ ಕೈ ಪಳಗಿಸಿಕೊಂಡವರು ನಿಮ್ಮ ಊರಲ್ಲೂ ಒಬ್ಬಿಬ್ಬರು ಇನ್ನೂ ಇದ್ದಾರು. ಟ್ಯೂಬ್ ಡಿಸ್ಚಾರ್ಜ್ ಮಾಡಿ (ಉಳಿದ ವಿದ್ಯುತ್ ತೆಗೆದು), ಸ್ಪೀಕರ್ ಬಿಚ್ಚಿ ಕೊಡಿ ಅಂತ ಅವರನ್ನು ಕೇಳಿ. ಅಂಚು ಕೂರಿಸುವ ಕೆಲಸವನ್ನು ನೀವು ಮತ್ತು ಮಗ ಮೇಜಿನ ಮೇಲೆ ನೆಮ್ಮದಿಯಾಗಿ ಮಾಡಿ. ಒಳಗಿನ ಪ್ಲಾಸ್ಟಿಕ್ ಕೊಂಡಿಗಳು ಈಗ ಹಪ್ಪಳದ ಹಾಗೆ ಮುರಿಯುತ್ತವೆ. ಯಂತ್ರವನ್ನು ದಪ್ಪ ಬೆಡ್‌ಶೀಟ್ ಮೇಲೆ ಮುಖ ಕೆಳಗೆ ಮಾಡಿ ಮಲಗಿಸಲು ಹೇಳಿ. ಹದಿನೈದು ಹದಿನಾರು ಕಿಲೊ ತೂಕ ಇದೆ, ಎತ್ತಲು ಇಬ್ಬರು ಇರಲಿ.

ಬಿಚ್ಚಿದ ಕೂಡಲೇ ಮದರ್‌ಬೋರ್ಡ್ ಮೇಲಿನ ಪುಟ್ಟ ಬ್ಯಾಟರಿ ತೆಗೆಸಿ. 3.6 ವೋಲ್ಟಿನ ಲಿಥಿಯಂ ಸೆಲ್, ಪೆನ್ ಟಾರ್ಚಿನ ಸೆಲ್ಲನ್ನು ಅರ್ಧಕ್ಕೆ ಕತ್ತರಿಸಿದಷ್ಟು ಗಾತ್ರ. ಅದು ಸೋರಿದರೆ ಬೋರ್ಡನ್ನೇ ತಿನ್ನುತ್ತದೆ. ಹೊಸದನ್ನು ಹಾಕಿ, ಮತ್ತೆ ಅಟ್ಟಕ್ಕೆ ಏರಿಸುವ ದಿನ ಬಂದರೆ ತೆಗೆದಿಟ್ಟು ಏರಿಸಿ.

ಇನ್ನೊಂದು ಮುಖ್ಯ ಎಚ್ಚರಿಕೆ, ಸದ್ದಿಗೆ ಸಂಬಂಧ ಇಲ್ಲದಿದ್ದರೂ ಹೇಳಲೇಬೇಕು. ಈ ಐಮ್ಯಾಕ್‌ಗೆ ಆ್ಯಪಲ್‌ನ ಆಪರೇಟಿಂಗ್ ಸಿಸ್ಟಂ ಆದ ಮ್ಯಾಕ್ ಓಎಸ್ ಟೆನ್‌ನ 10.2 ಅಥವಾ ಆಮೇಲಿನ ಆವೃತ್ತಿ ಹಾಕುವ ಮನಸ್ಸಾದರೆ ಮೊದಲು ಫರ್ಮ್‌ವೇರ್ (ಬೋರ್ಡಿನ ಚಿಪ್‌ನಲ್ಲೇ ಇರುವ ಮೂಲ ತಂತ್ರಾಂಶ) 4.1.9 ಇದೆಯಾ ನೋಡಿ. ಇಲ್ಲದಿದ್ದರೆ ಪರದೆ ಕಪ್ಪಾಗಿ ಹೋಗುವ ಅಪಾಯ ಇದೆ. ಆ ಫರ್ಮ್‌ವೇರನ್ನು ಮ್ಯಾಕ್ ಓಎಸ್ 9ರಲ್ಲಿ ಇದ್ದುಕೊಂಡೇ ಹಾಕಬೇಕು. ಭಾವನವರು ಬಿಟ್ಟುಹೋದ ಓಎಸ್ 9 ಇದ್ದರೆ ಹಾಗೇ ಇರಲಿ ಅನ್ನುವುದು ನನ್ನ ಅಭಿಪ್ರಾಯ.

ಗೆಳೆಯರು ಕೊಡುತ್ತೇನೆ ಅಂದ ಯಂತ್ರಗಳಿಗೆ ಬರೋಣ. ಮ್ಯಾಕಿಂಟಾಶ್ ಕ್ಲಾಸಿಕ್ 1990ರದ್ದು, ಒಂಬತ್ತು ಇಂಚಿನ ಕಪ್ಪುಬಿಳುಪು ಪರದೆ. ಅದರಲ್ಲಿ ಕಥೆ ತಿರುಗುಮುರುಗು. ಸ್ಪೀಕರ್ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ, ಬೋರ್ಡ್ ಮೇಲಿನ ಪುಟ್ಟ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ಸೋರಿರುತ್ತವೆ. ಸದ್ದು ಪಿಸುಮಾತಿನಷ್ಟು ಸಣ್ಣಗಾಗುವುದು ಅದರ ಮೊದಲ ಲಕ್ಷಣ. ಆಮೇಲೆ ಆನ್ ಮಾಡಿದಾಗ ಪರದೆ ತುಂಬ ಚದುರಂಗದ ಹಾಸಿನಂಥ ಚೌಕಗಳು ಬರುತ್ತವೆ. ಬೋರ್ಡ್ ತೊಳೆದು, ಆ ಕೆಪಾಸಿಟರ್‌ಗಳನ್ನೆಲ್ಲ ಬದಲಿಸಿದರೆ ಎಷ್ಟೋ ಸಲ ಪೂರ್ತಿ ಸರಿಯಾಗುತ್ತದೆ. ಅದರಲ್ಲೂ ಅದೇ ಅರ್ಧ ಸೆಲ್ ಇದೆ. ಆದ್ದರಿಂದ ಮನೆಗೆ ತಂದ ಮೇಲೆ ಮೊದಲು ಪ್ಲಗ್ ಹಾಕಬೇಡಿ, ಮೊದಲು ಒಳಗೆ ನೋಡಿಸಿ. ಹಿಂಬದಿಯ ಲೇಬಲ್ಲಿನಲ್ಲಿ 120 ವೋಲ್ಟ್ ಅಂತಷ್ಟೇ ಇದ್ದರೆ ನಮ್ಮ 230ಕ್ಕೆ ನೇರ ಕೊಟ್ಟರೆ ಸುಟ್ಟುಹೋಗುತ್ತದೆ, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಹಾರ್ಡ್‌ಡಿಸ್ಕ್ ಹೋಗಿದ್ದರೂ ಹೆದರಬೇಡಿ. ಕ್ಲಾಸಿಕ್‌ನ ರೋಮ್ (ROM, ಪವರ್ ಹೋದರೂ ಅಳಿಯದ ನೆನಪಿನ) ಚಿಪ್‌ನಲ್ಲೇ ಒಂದು ಪುಟ್ಟ ಸಿಸ್ಟಂ ಅಡಗಿದೆ. ಆನ್ ಮಾಡುವಾಗ ಕಮಾಂಡ್, ಆಪ್ಷನ್, ಎಕ್ಸ್, ಓ ನಾಲ್ಕೂ ಕೀ ಒತ್ತಿ ಹಿಡಿದರೆ ಅದರಿಂದಲೇ ಶುರುವಾಗುತ್ತದೆ.

ಬಿಬಿಸಿ ಮೈಕ್ರೊವನ್ನು ಮಾತ್ರ ಬೇಡ ಅನ್ನಬೇಡಿ. ಬ್ರಿಟನ್ನಿನ ಏಕಾರ್ನ್ ಕಂಪನಿ 1981ರ ಕೊನೆಯಲ್ಲಿ ತಂದ ಯಂತ್ರ ಅದು. ನಮ್ಮಲ್ಲಿ 1984ರಲ್ಲಿ ಶಾಲೆಗಳಿಗೆ ಕಂಪ್ಯೂಟರ್ ಕಲಿಸಲು ಕೇಂದ್ರ ಸರ್ಕಾರ ಶುರುಮಾಡಿದ ಕ್ಲಾಸ್ (CLASS) ಎಂಬ ಯೋಜನೆಯಲ್ಲಿ ಬಳಸಿದ್ದು ಇದನ್ನೇ. ಶಾಲೆಯಿಂದ ಬಂದದ್ದು ಅಂದಿದ್ದೀರಿ, ಅಲ್ವಾ? ಹಾಗಾದರೆ ಮೈಮೇಲೆ ಶಾಲೆಯ ಬಣ್ಣದ ಅಕ್ಷರವೋ ನೋಂದಣಿ ಸಂಖ್ಯೆಯೋ ಇರಬಹುದು. ದಯವಿಟ್ಟು ಅದನ್ನು ಉಜ್ಜಿ ಅಳಿಸಬೇಡಿ. ಯಾವ ಹೊಳಪಿಗಿಂತಲೂ ಅದಕ್ಕೆ ಬೆಲೆ ಜಾಸ್ತಿ. ಇದರ ಪುಟ್ಟ ಸ್ಪೀಕರ್ ಕೀಬೋರ್ಡ್ ಇರುವ ಪೆಟ್ಟಿಗೆಯೊಳಗೇ ಇದೆ. ತೊಂದರೆ ಇರುವುದು ಪವರ್ ಸಪ್ಲೈನಲ್ಲಿ. ಅಲ್ಲಿನ ಫಿಲ್ಟರ್ ಕೆಪಾಸಿಟರ್‌ಗಳ ಹೊರಕವಚ ವರ್ಷ ಕಳೆದಂತೆ ಬಿರುಕುಬಿಟ್ಟು ತೇವ ಹೀರಿಕೊಳ್ಳುತ್ತದೆ. ಆಮೇಲೆ ಒಂದು ದಿನ ಢಬ್ ಎಂದು ಒಡೆದು ಕೋಣೆ ತುಂಬ ಕೆಟ್ಟ ವಾಸನೆಯ ಹೊಗೆ. ಆನ್ ಮಾಡುವ ಮೊದಲೇ ಅವನ್ನು ಬದಲಿಸಿಬಿಡಿ, ಖರ್ಚು ತೀರಾ ಕಡಿಮೆ.

ಇವಕ್ಕೆ ಮುಂದೆ ಲಕ್ಷ ಲಕ್ಷ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹಳೆಯ ಪಿಕ್ಚರ್ ಟ್ಯೂಬಿನೊಳಗೆ ಭಾರಿ ಬೆಲೆಯ 'ಕೆಂಪು ಪಾದರಸ' ಇದೆ ಅನ್ನುವುದಂತೂ ಶುದ್ಧ ಸುಳ್ಳು. ಅದನ್ನು ನಂಬಿ ಟ್ಯೂಬ್ ಒಡೆದವರಿಗೆ ಸಿಗುವುದು ಸೀಸ ಬೆರೆತ ಗಾಜಿನ ಚೂರು ಮಾತ್ರ. ಈ ಟ್ಯೂಬ್ ಪರದೆಯ ಐಮ್ಯಾಕ್‌ಗಳನ್ನು 2003ರವರೆಗೂ ಬಹಳ ಸಂಖ್ಯೆಯಲ್ಲಿ ಮಾಡಿದ್ದಾರೆ, ಅಪರೂಪ ಅಂತ ಹೇಳುವ ಹಾಗಿಲ್ಲ. ನಿಮ್ಮ ಯಂತ್ರ ಮೇಲಾಗಿ ನಿಲ್ಲುವುದು ಅದು ಭಾವನವರದು ಅನ್ನುವುದಕ್ಕೆ, ಕೆಲಸ ಮಾಡುತ್ತಿದೆ ಅನ್ನುವುದಕ್ಕೆ.

ನನ್ನ ಸಲಹೆ, ಮೂರನ್ನೂ ಒಟ್ಟಿಗೆ ಬಿಚ್ಚಿಕೊಂಡು ಕೂರಬೇಡಿ. ಐಮ್ಯಾಕ್ ಮುಗಿಯಲಿ. ಕ್ಲಾಸಿಕ್‌ನ ಬ್ಯಾಟರಿ ತೆಗೆಸಿ, ಉಳಿದ ಎರಡಕ್ಕೂ ಹತ್ತಿಬಟ್ಟೆ ಸುತ್ತಿ, ಅಟ್ಟದಲ್ಲಲ್ಲ, ಮನೆಯ ಒಳಕೋಣೆಯ ಕಪಾಟಿನಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದರೆ ತೇವ ಒಳಗೇ ಉಳಿಯುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಇಡುವುದಾದರೆ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬದಲಿಸಿ.

ಅಂಚು ಒಣಗಿ, ಮೆಕ್ಯಾನಿಕ್ ಮತ್ತೆ ಜೋಡಿಸಿ ಕೊಟ್ಟ ಮೇಲೆ ಮೊದಲ ದಿನ ವಾಲ್ಯೂಮ್ ಅರ್ಧಕ್ಕಿಂತ ಕೆಳಗಿರಲಿ. ಮಾಮೂಲಿ ಗಾತ್ರದ ಆಡಿಯೊ ಸಿಡಿ ಹಾಕಿ, ಪುಟ್ಟ ಸಿಡಿ ಆ ಸೀಳಿಗೆ ಹಾಕಿದರೆ ಒಳಗೇ ಸಿಕ್ಕಿಕೊಳ್ಳುತ್ತದೆ. ತಬಲಾ ಅಥವಾ ಮೃದಂಗ ಇರುವ ಹಾಡಾದರೆ ಒಳ್ಳೆಯದು. ಎಡಗೈ ಪೆಟ್ಟಿನ ಗುಂ ಸದ್ದಿನಲ್ಲಿ ಕೋನ್ ಅತಿ ಹೆಚ್ಚು ಆಡುತ್ತದೆ, ಉಜ್ಜುತ್ತಿದ್ದರೆ ಅಲ್ಲೇ ಗೊತ್ತಾಗುತ್ತದೆ. ಎಡ ಬಲ ಎರಡನ್ನೂ ಬೇರೆ ಬೇರೆ ಕೇಳಿ. ಒಂದರಲ್ಲಿ ಇನ್ನೂ ಝರ್ ಎಂದರೆ ಅಂಟು ಬಿಡಿಸಿ ಮತ್ತೆ ಮಧ್ಯಕ್ಕೆ ಕೂರಿಸಬಹುದು, ನಾನೂ ಎಷ್ಟೋ ಸಲ ಎರಡನೇ ಬಾರಿಗೇ ಸರಿಮಾಡಿದ್ದೇನೆ. ಅಳತೆ ತೆಗೆದ ಮೇಲೆ ಬಳೆ ಸಿಗದಿದ್ದರೆ ಮೂರೂ ಅಳತೆ ಬರೆದು, ಸ್ಪೀಕರಿನ ಹಿಂದು ಮುಂದಿನ ಫೋಟೊ ಹಾಕಿ ಕಳಿಸಿ.